ಗೂಡು ಹಳೇದು, ಚಿಪ್ ಹೊಸದು

ಕೇಳುಗರಿಗೆ ನಮಸ್ಕಾರ.

2018ರ ಕೊನೆಗೆ ನಾನೊಂದು ಕಂಪ್ಯೂಟರ್ ಜೋಡಿಸಿಕೊಂಡೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು ತಂದ ಸಾಮಾನು. ಒಳಗಿದ್ದ ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್, ಎಎಂಡಿ ಕಂಪನಿಯ ರೈಝನ್ 3 2200ಜಿ. ಏಳು ವರ್ಷ ಚೆನ್ನಾಗಿಯೇ ದುಡಿಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು ನೋಡಿ, ಪೇಚಾಟ ಶುರುವಾಯಿತು. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ನನ್ನದು ಇರಲಿಲ್ಲ. "ಹೊಸದೇ ತಗೊಂಡ್ಬಿಡಿ" ಎಂದರು ಎಲ್ಲರೂ.

ನಾನು ತಗೊಳ್ಳಲಿಲ್ಲ. ಭಾಗಗಳೆಲ್ಲ ಸೇರುವ ಮುಖ್ಯ ಹಲಗೆ ಮದರ್‌ಬೋರ್ಡು. ಅದರಲ್ಲಿ ಆ ಪ್ರೊಸೆಸರ್ ಕೂರುವ ಗೂಡಿಗೆ ಎಎಂ4 ಸಾಕೆಟ್ ಅಂತ ಹೆಸರು. 2017ರ ರೈಝನ್ ಕೂತದ್ದೂ ಅದರಲ್ಲೇ, 2022ರದ್ದು ಕೂತದ್ದೂ ಅದರಲ್ಲೇ. ಇಂಟೆಲ್ ಕಥೆ ಬೇರೆ. ಅವರ ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪಿಗೂ ಹಿಂದಿನದರ ಹಾಗೆ 1151 ಸಂಪರ್ಕಗಳೇ. ಹಳೆ ಬೋರ್ಡಿನಲ್ಲಿ ಕೂರುತ್ತದೆ, ಕೆಲಸ ಮಾತ್ರ ಮಾಡಲ್ಲ!

ಎಎಂ4ನಲ್ಲೂ ಕೂತರೆ ಸಾಲದು. ಬೋರ್ಡಿಗೆ ಹೊಸ ಚಿಪ್ಪಿನ ಗುರುತು ಹತ್ತಬೇಕು. ಅದಕ್ಕೆ ಬಯೋಸ್ (ಕಂಪ್ಯೂಟರ್ ಶುರುವಾಗಲು ಬೋರ್ಡಿನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಆಗಬೇಕು, ಅದೂ ಹೆಚ್ಚಿನ ಬೋರ್ಡುಗಳಲ್ಲಿ ಹಳೆ ಪ್ರೊಸೆಸರ್ ಒಳಗಿರುವಾಗಲೇ. ಅದನ್ನು ಮೊದಲೇ ಮಾರಿಬಿಟ್ಟರೆ ಕಪ್ಪು ಪರದೆ ನೋಡುತ್ತಾ ಕೂರಬೇಕು. ಯಾವ ಚಿಪ್ಪಿಗೆ ಯಾವ ಬಯೋಸ್ ಎಂಬ ಪಟ್ಟಿ ಬೋರ್ಡ್ ಕಂಪನಿಯ ಜಾಲತಾಣದಲ್ಲೇ ಇರುತ್ತದೆ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತುಹೋಗಬಹುದು. ಗುಡುಗು ಮಳೆಯ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ. ಯುಪಿಎಸ್ ಇದ್ದರೆ ಒಳ್ಳೇದು.

ಅಂದ ಹಾಗೆ, ನಿಮ್ಮದರಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದೆಯಾ? ಹಾಗಿದ್ದರೆ ಮೊದಲು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿಸಿ. ಎಷ್ಟೋ ಸಲ ನಿಧಾನಕ್ಕೆ ಕಾರಣ ಅದೇ, ಪ್ರೊಸೆಸರನ್ನು ಸುಮ್ನೆ ಬೈಯುತ್ತೇವೆ.

ನಾನು ತಂದ ಹೊಸ ಪ್ರೊಸೆಸರ್ ರೈಝನ್ 5 5600ಜಿ. ನಾಲ್ಕು ಕೋರ್ (ಕೆಲಸ ಹಂಚಿಕೊಳ್ಳುವ ಘಟಕ) ಇದ್ದಲ್ಲಿ ಆರು, ವಿದ್ಯುತ್ ಲೆಕ್ಕ ಅದೇ 65 ವ್ಯಾಟ್. ಕೊನೆಯ 'ಜಿ' ಅಕ್ಷರ ಮರೆಯಬೇಡಿ. ಬರೀ 5600ರಲ್ಲಿ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಇಲ್ಲದ ನನ್ನಂಥವರ ಮಾನಿಟರಿನಲ್ಲಿ ಏನೂ ಮೂಡಲ್ಲ.

ಒಂದು ಎಡವಟ್ಟೂ ಮಾಡಿಕೊಂಡೆ. ಹಳೆ ಪ್ರೊಸೆಸರ್ ಮೇಲಿನ ಫ್ಯಾನನ್ನು ನೇರ ಮೇಲಕ್ಕೆ ಎಳೆದೆ. ಶಾಖ ದಾಟಿಸಲು ನಡುವೆ ಹಚ್ಚಿದ್ದ, ಈಗ ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೂ ಗೂಡಿನಿಂದ ಕಿತ್ತು ಬಂತು, ಮೂರು ಪಿನ್ ಬಾಗಿದವು. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ, ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಫ್ಯಾನನ್ನು ಮೆಲ್ಲಗೆ ಅತ್ತ ಇತ್ತ ತಿರುಚಿ ತೆಗೆಯಬೇಕಿತ್ತು. ಪುಣ್ಯಕ್ಕೆ ಬಾಗಿದ್ದು ಹಳೆ ಚಿಪ್ಪಿನ ಪಿನ್.

ಬಯೋಸ್‌ನಲ್ಲಿ ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಸೌಲಭ್ಯ) ಆನ್ ಮಾಡಿದ ಮೇಲೆ ವಿಂಡೋಸ್ 11 ತಕರಾರಿಲ್ಲದೆ ಕೂತಿತು. ಹಳೆ 2200ಜಿ ಮೇಜಿನ ಡ್ರಾಯರಿನಲ್ಲಿದೆ. ಬಾಗಿದ ಮೂರರಲ್ಲಿ ಎರಡು ಪಿನ್ ಸೂಜಿಯಿಂದ ನೆಟ್ಟಗೆ ಮಾಡಿದ್ದೇನೆ, ಇನ್ನೊಂದು ಬಾಕಿ.

ನಮಸ್ಕಾರ.