ಮಂಗಳವಾರ ಸಂಜೆಯ ಬ್ಯಾಗ್‌ಪೈಪ್ ಪಾಠ

ಕೇಳುಗರಿಗೆ ನಮಸ್ಕಾರ.

ನನಗೆ ನಲವತ್ತಾರು ವರ್ಷ ಆದಾಗ ಒಬ್ಬರು ನನ್ನ ಬೆರಳು ಹಿಡಿದು ತಿದ್ದಿದರು. ಸ್ಲೇಟಿನ ಮೇಲೆ ಅ ಆ ಬರೆಸುವಾಗ ಮೇಷ್ಟ್ರು ಹಿಡಿಯುತ್ತಾರಲ್ಲ, ಹಾಗೆ. ಊರು ಸ್ಕಾಟ್ಲೆಂಡಿನ ಗ್ಲಾಸ್ಗೋ. ಒಂದು ಚರ್ಚಿನ ಪಕ್ಕದ ಹಳೇ ಹಾಲ್. ಮಂಗಳವಾರ ಸಂಜೆ ಏಳು ಗಂಟೆ, ಹೊರಗೆ ಮಳೆ. ನನ್ನ ಎಡಕ್ಕೆ ಹನ್ನೊಂದು ವರ್ಷದ ಹುಡುಗಿ, ಬಲಕ್ಕೆ ರಿಟೈರಾದ ಬಸ್ ಡ್ರೈವರ್. ಮೂವರ ಕೈಯಲ್ಲೂ ಒಂದೊಂದು ಕಪ್ಪು ಕೊಳವೆ. ಮೂವರೂ ಒಂದೇ ಕ್ಲಾಸು.

ನಾನು ಅಲ್ಲಿಗೆ ಹೋಗಿದ್ದು ಕಲಿಯೋಕಲ್ಲ. ತುಮಕೂರಿನಿಂದ ಕೆಲಸದ ಮೇಲೆ ಗ್ಲಾಸ್ಗೋಗೆ ಹೋದವನು ನಾನು. ಮಗಳಿಗೆ ಡ್ರಮ್ ಕಲಿಯುವ ಹುಚ್ಚು ಹತ್ತಿತು. ನಮ್ಮ ಬಡಾವಣೆಯ ಪೈಪ್ ಬ್ಯಾಂಡಿನವರು, ಅಂದರೆ ಬ್ಯಾಗ್‌ಪೈಪ್ ಮತ್ತು ಡ್ರಮ್ ನುಡಿಸುವ ತಂಡದವರು, ಮಕ್ಕಳಿಗೆ ಪುಕ್ಕಟೆ ಹೇಳಿಕೊಡುತ್ತಾರೆ ಅಂತ ಗೊತ್ತಾಯಿತು. ಅಲ್ಲಿ ಎಷ್ಟೋ ಬ್ಯಾಂಡುಗಳು ಹೀಗೇ ನಡೆಯೋದು. ಅವಳನ್ನು ಬಿಟ್ಟು, ಗೋಡೆ ಬದಿಯ ಬೆಂಚಿನಲ್ಲಿ ಮೊಬೈಲ್ ನೋಡುತ್ತಾ ಕೂರುತ್ತಿದ್ದೆ. ಮೂರನೇ ವಾರ ಪೈಪ್ ಮೇಜರ್ ಬಂದು, ಸುಮ್ನೆ ಯಾಕೆ ಕೂತಿದ್ದೀರಿ ಅಂತ ಆ ಕೊಳವೆಯನ್ನು ಕೈಗೆ ಕೊಟ್ಟರು.

ಪೈಪ್ ಮೇಜರ್ ಅಂದರೆ ಬ್ಯಾಂಡಿನ ಮುಖ್ಯಸ್ಥ. ಅಲ್ಲಿ ಪಿ.ಎಂ. ಅಂತಾರೆ. ಇವರು ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದವರು, ಐವತ್ತು ವರ್ಷದಿಂದ ಪೈಪ್ ಊದುತ್ತಿರುವವರು. ಆ ಹನ್ನೊಂದರ ಹುಡುಗಿಯೂ ಅವರನ್ನು ಹೆಸರು ಹಿಡಿದು ಕರೆಯುತ್ತಾಳೆ. ನನ್ನ ಬಾಯಲ್ಲಿ ಬರಲಿಲ್ಲ. ಸರ್ ಅಂದೆ, ನಕ್ಕರು. ಇವತ್ತಿಗೂ ಸರ್ ಅಂತಲೇ ಕರೆಯುತ್ತೇನೆ.

ಅವರು ಕೊಟ್ಟಿದ್ದು ಪ್ರಾಕ್ಟೀಸ್ ಚಾಂಟರ್, ಅಂದರೆ ಬೆರಳಾಡಿಸಿ ಸ್ವರ ಕಲಿಯುವ ಅಭ್ಯಾಸದ ಕೊಳವೆ. ಚೀಲ ಇಲ್ಲ, ಹೆಗಲ ಮೇಲೆ ನಿಲ್ಲುವ ಉದ್ದದ ಕೊಳವೆಗಳಿಲ್ಲ. ಒಳಗೆ ದನಿ ಹುಟ್ಟಿಸುವ ಒಂದು ಪ್ಲಾಸ್ಟಿಕ್ ರೀಡ್, ಬೆರಳಿಗೆ ತೂತುಗಳು, ಅಷ್ಟೇ. ಮೊದಲ ಆರು ತಿಂಗಳು, ಒಂದು ವರ್ಷ ಇದೇ ಗತಿ. ನಾನು ಆ ಮಧ್ಯೆ ಒಂದು ಜಾಣತನ ಮಾಡಿದೆ. ಆನ್‌ಲೈನಿನಲ್ಲಿ ಪೂರ್ತಿ ಸೆಟ್ ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿಬಿಟ್ಟೆ. ಕೆಂಪು ಬಟ್ಟೆ, ಕುಚ್ಚು, ಹೊಳೆಯುವ ಬಿಳಿ ಬಳೆಗಳು. ಸರ್ ಅದನ್ನು ತಿರುಗಿಸಿ ನೋಡಿದರು. ಒಂದು ಕೊಳವೆ ಬಾಯಿಗಿಟ್ಟು, ಇನ್ನೊಂದು ತುದಿ ಅಂಗೈಯಲ್ಲಿ ಮುಚ್ಚಿ ಊದಿದರು. ಮರದ ಸೀಳಿನಿಂದ ಗಾಳಿ ಬುಸ್ ಅಂತ ಹೊರಗೆ ಬಂತು. ಗೋಡೆಗೆ ಚೆನ್ನಾಗಿ ಒಪ್ಪುತ್ತದೆ ಅಂದರು. ಈಗಲೂ ಗೋಡೆಯ ಮೇಲೇ ಇದೆ.

ಆಮೇಲೆ ತಮ್ಮ ಪೈಪಿನ ಒಂದು ತುಂಡನ್ನು ನನ್ನ ಕೈಗಿಟ್ಟರು. ಕಪ್ಪಗೆ, ತಣ್ಣಗೆ, ಕಬ್ಬಿಣದ ಹಾಗೆ ಭಾರ. ಆಫ್ರಿಕನ್ ಬ್ಲ್ಯಾಕ್‌ವುಡ್ ಅನ್ನುವ ಮರ. ಮನೆಗೆ ಬಂದು ಹುಡುಕಿದರೆ, ಅದು ನಮ್ಮ ಬೀಟೆ ಮರದ ದಾಯಾದಿ. ಎರಡೂ ಡಾಲ್ಬೆರ್ಜಿಯಾ ಕುಲದವು. ನಮ್ಮಜ್ಜಿ ಮನೆಯ ಬೀಟೆ ಮಂಚ ನೆನಪಾಯಿತು.

ಈಗ ಈ ವಾದ್ಯದ ಒಂದು ವಿಚಿತ್ರ ಹೇಳಬೇಕು. ನಮ್ಮ ನಾದಸ್ವರದಲ್ಲಿ ರೀಡು, ಅಂದರೆ ಪೀಪಿ, ಬಾಯೊಳಗಿರುತ್ತದೆ. ನಾಲಿಗೆಯಿಂದ ತಡೆದು ತುತ್ತುಕಾರ ಹಾಕಬಹುದು. ಬೇಕಾದಾಗ ನಿಲ್ಲಿಸಬಹುದು, ಜೋರು ಮೆಲ್ಲಗೆ ಮಾಡಬಹುದು. ಬ್ಯಾಗ್‌ಪೈಪಿನಲ್ಲಿ ರೀಡು ಎಲ್ಲೋ ಕೆಳಗೆ, ಚೀಲದ ಆಚೆ. ನಾಲಿಗೆಗೆ ಕೆಲಸವೇ ಇಲ್ಲ. ಒಮ್ಮೆ ಶುರುವಾದರೆ ನಾದ ನಿಲ್ಲುವುದಿಲ್ಲ, ಏರುವುದಿಲ್ಲ, ಇಳಿಯುವುದಿಲ್ಲ. ಹಾಗಾದರೆ ಸ ಸ ಅಂತ ಒಂದೇ ಸ್ವರವನ್ನು ಎರಡು ಸಲ ಹೇಗೆ ನುಡಿಸೋದು? ಎರಡು ಸ ನಡುವೆ ಎಡಗೈ ತೋರುಬೆರಳನ್ನು ಚಕ್ಕನೆ ಎತ್ತಿ ಇಡಬೇಕು. ಆ ಕಣ್ಣು ಮಿಟುಕಿನಷ್ಟು ಹೊತ್ತಿನ ಮೇಲಿನ ಸ್ವರ ಕತ್ತರಿಯ ಹಾಗೆ ನಾದವನ್ನು ತುಂಡು ಮಾಡುತ್ತದೆ. ಅದಕ್ಕೆ ಗ್ರೇಸ್‌ನೋಟ್ ಅಂತಾರೆ. ಪೈಪ್ ಕಲಿಕೆಯಲ್ಲಿ ಮುಕ್ಕಾಲು ಪಾಲು ಇದೇ. ಒಂದು ಗ್ರೇಸ್‌ನೋಟ್, ಎರಡು ಸೇರಿದರೆ ಡಬ್ಲಿಂಗ್, ಕಿರುಬೆರಳನ್ನು ಎರಡು ಸಲ ಸವರಿದರೆ ಬರ್ಲ್, ಹೀಗೆ ಬೆಳೆಯುತ್ತಾ ಹೋಗುತ್ತದೆ.

ಸ್ವರಗಳು ಒಂಬತ್ತೇ. ಲೋ ಜಿ ಇಂದ ಹೈ ಎ ವರೆಗೆ. ಸಂಗೀತ ಗೊತ್ತಿರುವವರಿಗೆ ಸುಲಭವಾಗಿ ಹೇಳುವುದಾದರೆ, ಲೋ ಎ ಅನ್ನು ಷಡ್ಜ ಮಾಡಿಕೊಳ್ಳಿ, ಅದು ಹರಿಕಾಂಬೋಜಿಯ ಸ್ವರಸ್ಥಾನ. ಕೆಳಗಿನ ನಿಷಾದದಿಂದ ಮೇಲಿನ ಷಡ್ಜಕ್ಕೆ ಮುಗಿಯಿತು. ಹೆಗಲ ಮೇಲಿನ ಮೂರು ಉದ್ದದ ಕೊಳವೆಗಳು, ಅಂದರೆ ಡ್ರೋನ್‌ಗಳು ಅದೇ ಷಡ್ಜವನ್ನು ಹಿಡಿದಿರುತ್ತವೆ, ಎರಡು ಟೆನರ್ ಒಂದು ಸ್ಥಾಯಿ ಕೆಳಗೆ, ಬಾಸ್ ಎರಡು ಸ್ಥಾಯಿ ಕೆಳಗೆ. ನಾದಸ್ವರದವರ ಪಕ್ಕ ಶ್ರುತಿ ಕೊಡುವ ಒತ್ತು ಹಿಡಿದು ಒಬ್ಬರು ಕೂರುತ್ತಾರಲ್ವಾ, ಇವರು ಅಂಥ ಮೂರು ಒತ್ತನ್ನು ತಾವೇ ಹೊತ್ತುಕೊಂಡು ನಡೆಯುತ್ತಾರೆ.

ಇದನ್ನೆಲ್ಲ ವಿಡಿಯೋ ನೋಡಿ ಕಲಿಯಬಹುದಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಎರಡು ವಾರ ಕ್ಲಾಸ್ ತಪ್ಪಿಸಿ ಮನೆಯಲ್ಲೇ ಸಾಧನೆ ಮಾಡಿದೆ. ಖುಷಿಯಾಗಿ ಹೋಗಿ ನುಡಿಸಿದೆ. ಸರ್ ನನಗೆ ಬೆನ್ನು ಮಾಡಿ ಟೀಗೆ ಹಾಲು ಹಾಕುತ್ತಿದ್ದರು. ತಿರುಗದೆಯೇ, ಡಿ ಇಂದ ಇ, ಅಂದರು.

ಏನಾಗಿತ್ತು ಅಂದರೆ, ಡಿ ಇಂದ ಇ ಗೆ ಹೋಗುವಾಗ ಐದು ಬೆರಳು ಒಟ್ಟಿಗೆ ಅಲುಗಬೇಕು. ಬಲಗೈಯ ಮೂರು ಬೆರಳು ಕೆಳಗೆ, ಅದೇ ಕೈಯ ಕಿರುಬೆರಳು ಮೇಲೆ, ಎಡಗೈಯ ಉಂಗುರಬೆರಳು ಮೇಲೆ. ಐದೂ ಒಂದೇ ಕ್ಷಣಕ್ಕೆ. ಒಂದು ಬೆರಳು ಕೂದಲೆಳೆಯಷ್ಟು ತಡವಾದರೂ ನಡುವೆ ಬೇಡದ ಸ್ವರ ಒಂದು ಇಣುಕುತ್ತದೆ. ಕ್ಲಿಕ್ ಅಂತ. ಕ್ರಾಸಿಂಗ್ ನಾಯ್ಸ್ ಅಂತಾರೆ. ತಮಾಷೆ ಏನೆಂದರೆ, ಊದುವವನಿಗೆ ಅದು ಕೇಳಿಸುವುದೇ ಇಲ್ಲ. ಅವನ ಕಿವಿ ಮುಂದಿನ ಸ್ವರದ ಮೇಲಿರುತ್ತದೆ. ಎರಡು ವಾರ ನಾನು ಶ್ರದ್ಧೆಯಿಂದ ತಪ್ಪನ್ನೇ ಗಟ್ಟಿ ಮಾಡಿಕೊಂಡಿದ್ದೆ. ಅದನ್ನು ಬಿಡಿಸೋಕೆ ಎರಡು ತಿಂಗಳು ಹಿಡಿಯಿತು. ಡಿ, ಇ, ಡಿ, ಇ. ಆಮೆ ನಡಿಗೆಯಲ್ಲಿ. ಸರ್ ಎದುರು ಕೂತು, ತಮ್ಮ ಚಾಂಟರಿನ ಮೇಲೆ ಅದೇ ಬೆರಳು ಎತ್ತಿ ಇಳಿಸುತ್ತಿದ್ದರು. ಅವರ ವೆಲ್ಡಿಂಗ್ ಕೈಯ ದಪ್ಪ ಬೆರಳುಗಳು ಹಲಗೆಯ ಹಾಗೆ ನೆಟ್ಟಗೆ. ತುದಿಯಿಂದ ಮುಚ್ಚಬಾರದು, ಬೆರಳಿನ ನಡುಗೆಣ್ಣಿನ ಭಾಗದಿಂದ ಮುಚ್ಚಬೇಕು. ನನ್ನ ಬೆರಳು ಕೀಬೋರ್ಡ್ ಕುಟ್ಟಿ ಬಗ್ಗಿದವು. ಅವರು ಹಿಡಿದು ತಿದ್ದಿದ್ದು ಅದನ್ನೇ.

ಮಾತಿಲ್ಲದೆ ಹಾಡಿ ಕಲಿಸುವ ಪದ್ಧತಿಯೂ ಅಲ್ಲಿದೆ. ಕ್ಯಾಂಟೆರಾಖ್ಕ್ ಅಂತ ಗೇಲಿಕ್ ಹೆಸರು. ಬೆರಳಿನ ಒಂದೊಂದು ಚಲನೆಗೆ ಒಂದೊಂದು ಬಾಯಿಮಾತು. ಹಿಹಾರಿನ್ ಅಂದರೆ ಇಂಥದ್ದು, ಅಂತ. ನಮ್ಮ ಮೃದಂಗದ ಮೇಷ್ಟ್ರು ತ ಕ ಧಿ ಮಿ ಬಾಯಲ್ಲಿ ಬಂದಮೇಲೆ ಕೈಗೆ ಅನ್ನುತ್ತಾರಲ್ಲ, ಅದೇ ಕತೆ. ಸ್ಕೈ ದ್ವೀಪದ ಬೊರೆರೇಗ್ ಎಂಬಲ್ಲಿ ಮ್ಯಾಕ್‌ಕ್ರಿಮನ್ ಮನೆತನದವರು ತಲೆಮಾರುಗಟ್ಟಲೆ ಪೈಪ್ ಕಲಿಸುತ್ತಿದ್ದರು, ಮ್ಯಾಕ್‌ಲಿಯೋಡ್ ಪಾಳೆಯಗಾರರ ಆಶ್ರಯದಲ್ಲಿ. ಕಾಲಿನ್ ಕ್ಯಾಂಪ್‌ಬೆಲ್ ಅನ್ನುವವರು 1797ರ ಹೊತ್ತಿಗೆ ಈ ಬಾಯಿಪಾಠಗಳನ್ನು ಬರೆದಿಟ್ಟರು, ಆ ಹಸ್ತಪ್ರತಿ ಇವತ್ತಿಗೂ ಇದೆ. 1944ರಲ್ಲಿ ಗ್ಲಾಸ್ಗೋದಲ್ಲಿ ಶೇಮಸ್ ಮ್ಯಾಕ್‌ನೀಲ್ ಮತ್ತು ಥಾಮಸ್ ಪಿಯರ್‌ಸ್ಟನ್ ಕಾಲೇಜ್ ಆಫ್ ಪೈಪಿಂಗ್ ಶುರು ಮಾಡಿದರು. ಅವರ ಹಸಿರು ರಟ್ಟಿನ ಪಾಠದ ಪುಸ್ತಕ ನಮ್ಮ ಹಾಲ್‌ನಲ್ಲೂ ಇದೆ, ಟೀ ಕಲೆಗಳ ಸಮೇತ. ಸರ್ ಅದನ್ನು ತೆರೆದಿದ್ದು ನಾನು ನೋಡಿಲ್ಲ.

ಇನ್ನು ಮಗಳ ಕಡೆ ಬರುತ್ತೇನೆ. ಅವಳಿಗೂ ಡ್ರಮ್ ಕೊಡಲಿಲ್ಲ. ಒಂದು ರಬ್ಬರ್ ಪ್ಯಾಡ್, ಎರಡು ಕಡ್ಡಿ. ಅವಳ ಟೀಚರ್ ಬ್ಯಾಂಡಿನ ಲೀಡಿಂಗ್ ಡ್ರಮ್ಮರ್, ಹಗಲಲ್ಲಿ ನರ್ಸ್. ಮೊದಲ ಪಾಠ ಪ್ಯಾರಾಡಿಡಲ್. ಈ ಸ್ಟುಡಿಯೋ ಮೇಜಿನ ಮೇಲೆ ಪೆನ್ನಿನಲ್ಲಿ ತಟ್ಟುತ್ತೇನೆ, ಕೇಳಿ. ಬಲ ಎಡ ಬಲ ಬಲ. ಎಡ ಬಲ ಎಡ ಎಡ. ಕೇಳೋಕೆ ಎಂಟು ಒಂದೇ ಥರದ ಪೆಟ್ಟು. ಒಂದೇ ಥರ ಕೇಳಿಸಬೇಕು, ಅದೇ ಪರೀಕ್ಷೆ. ಎಡಗೈ ಸೋಮಾರಿ ಅಂತ ಕಣ್ಣು ಮುಚ್ಚಿದವರಿಗೂ ಗೊತ್ತಾಗಬಾರದು. ನಾನೀಗ ತಟ್ಟಿದ್ದರಲ್ಲಿ ಗೊತ್ತಾಗಿದ್ದರೆ ಕ್ಷಮಿಸಿ, ನಾನು ಡ್ರಮ್ಮರ್ ಅಲ್ಲ.

ಪೈಪ್ ಬ್ಯಾಂಡಿನ ಸ್ನೇರ್ ಡ್ರಮ್ ಬೇರೆ ಡ್ರಮ್ಮುಗಳ ಹಾಗಲ್ಲ. ಅದರ ಹೊದಿಕೆ ಕೆವ್ಲಾರ್ ನೂಲಿನದು, ಗುಂಡು ತಡೆಯುವ ಜಾಕೆಟ್ಟಿಗೆ ಹಾಕುತ್ತಾರಲ್ಲ, ಅದೇ. ಕೀಲಿ ಹಾಕಿ ಬಿಗಿದು ಬಿಗಿದು ಮೇಜಿನಷ್ಟು ಗಟ್ಟಿ ಮಾಡುತ್ತಾರೆ. ಹಾಗಾಗಿ ಒಂದೊಂದು ಪೆಟ್ಟೂ ಒಣ ಕಡ್ಡಿ ಮುರಿದ ಹಾಗೆ ಬಿಡಿಬಿಡಿಯಾಗಿ ಕೇಳುತ್ತದೆ, ತಪ್ಪು ಮುಚ್ಚಿಡೋಕೆ ಜಾಗವಿಲ್ಲ. ಆ ಬಾರಿಸುವ ಶೈಲಿಯನ್ನು ಇವತ್ತಿನ ರೂಪಕ್ಕೆ ತಂದವರಲ್ಲಿ ದೊಡ್ಡ ಹೆಸರು ಅಲೆಕ್ಸ್ ಡುಥಾರ್ಟ್, ಶಾಟ್ಸ್ ಅಂಡ್ ಡೈಕ್‌ಹೆಡ್ ಬ್ಯಾಂಡಿನವರು. 1986ರಲ್ಲಿ ತೀರಿಕೊಂಡರು. ಮಗಳ ಟೀಚರ್ ಅವರ ಹೆಸರು ಹೇಳುವಾಗ ದನಿ ಸ್ವಲ್ಪ ತಗ್ಗಿಸುತ್ತಾರೆ. ಬರೆಯುವ ಲಿಪಿ ಮಾತ್ರ ಸರಳ. ಒಂದೇ ಗೆರೆ. ಗೆರೆಯ ಮೇಲಿದ್ದರೆ ಬಲಗೈ, ಕೆಳಗಿದ್ದರೆ ಎಡಗೈ. ಆದರೆ ಪೈಪಿನ ಧಾಟಿಯನ್ನು ಗುನುಗಲು ಬರದೆ ಕಡ್ಡಿ ಮುಟ್ಟುವ ಹಾಗಿಲ್ಲ. ಮಗಳು ತಟ್ಟೆ ತೊಳೆಯುವಾಗಲೂ ಗುನುಗುತ್ತಿದ್ದಳು. ನಾನು ಬೆರಳಲ್ಲಿ ಒದ್ದಾಡುತ್ತಿದ್ದ ಧಾಟಿ ಅವಳ ಬಾಯಲ್ಲಿ ನನಗಿಂತ ಮುಂಚೆ ಬಂತು. ಬೇಜಾರಾಯಿತು ಅಂತ ಹೇಳಿದರೆ ತಪ್ಪಿಲ್ಲ.

ಹನ್ನೊಂದನೇ ತಿಂಗಳಿಗೆ ನನಗೆ ಚೀಲ ಸಿಕ್ಕಿತು. ಮೊದಲ ಪಾಠ ಊದೋದಲ್ಲ, ನೂಲು ಸುತ್ತೋದು. ಮೇಣ ಹಚ್ಚಿದ ಹಳದಿ ಸೆಣಬಿನ ನೂಲು. ಕೀಲುಗಳಿಗೆ ಸುತ್ತಿ ಗಾಳಿ ಸೋರದ ಹಾಗೆ ಕೂರಿಸಬೇಕು. ಆಮೇಲೆ ಮೂರು ಡ್ರೋನಿಗೂ ಬಿರಡೆ. ಬರೀ ಚಾಂಟರ್. ಕೆಲವು ವಾರ ಬಿಟ್ಟು ಒಂದು ಡ್ರೋನ್, ಆಮೇಲೆ ಎರಡು. ಊದಿ ಚೀಲ ತುಂಬಬೇಕು, ಉಸಿರು ಎಳೆದುಕೊಳ್ಳುವಾಗ ಮೊಣಕೈಯಿಂದ ಒತ್ತಬೇಕು. ಊದು, ಒತ್ತು, ಊದು, ಒತ್ತು. ಒಳಗಿನ ಒತ್ತಡ ಮಾತ್ರ ಒಂದೇ ಸಮ ಇರಬೇಕು. ಇಲ್ಲದಿದ್ದರೆ ಶ್ರುತಿ ಉಯ್ಯಾಲೆ ಆಡುತ್ತದೆ. ಸರ್ ಒಂದು ಪ್ಲಾಸ್ಟಿಕ್ ನಳಿಕೆಯಲ್ಲಿ ನೀರು ತುಂಬಿ ಪೈಪಿಗೆ ಸಿಕ್ಕಿಸಿದರು. ಒತ್ತಡ ಏರಿದರೆ ನೀರು ಏರುತ್ತದೆ, ಇಳಿದರೆ ಇಳಿಯುತ್ತದೆ. ನನ್ನ ನೀರು ಸಮುದ್ರದ ಹಾಗಿತ್ತು. ಆ ಹುಡುಗಿಯದು ಬಾವಿ ನೀರು.

ಶ್ರುತಿ ಮಾಡುವುದನ್ನು ನೀವು ನೋಡಬೇಕು. ಇಡೀ ಬ್ಯಾಂಡು ಮುಕ್ಕಾಲು ಗಂಟೆ ಸುತ್ತು ನಿಂತಿರುತ್ತದೆ. ಸರ್ ಒಬ್ಬೊಬ್ಬರ ಮುಂದೆ ಹೋಗಿ ಕಿವಿ ಕೊಡುತ್ತಾರೆ. ಜೇಬಿನಲ್ಲಿ ಎಲೆಕ್ಟ್ರಿಷಿಯನ್‌ಗಳ ಕರಿ ಟೇಪು. ಯಾವ ಸ್ವರ ಜಾಸ್ತಿ ಏರಿದೆಯೋ ಆ ತೂತಿನ ಮೇಲ್ತುದಿಗೆ ಒಂದು ಚೂರು ಟೇಪು ಅಂಟಿಸಿ ಇಳಿಸುತ್ತಾರೆ. ನಾದಸ್ವರದ ಕೆಳಗಿನ ತೂತುಗಳಿಗೆ ಮೇಣ ಮೆತ್ತುತ್ತಾರಲ್ಲ, ಅಂಥದ್ದೇ ಉಪಾಯ.

ಆಗಸ್ಟಿನಲ್ಲಿ ಗ್ಲಾಸ್ಗೋ ಗ್ರೀನ್ ಮೈದಾನದಲ್ಲಿ ವಿಶ್ವ ಪೈಪ್ ಬ್ಯಾಂಡ್ ಸ್ಪರ್ಧೆ. ಆದರೆ ನನ್ನ ಮೊದಲ ಸ್ಪರ್ಧೆ ಅದಲ್ಲ, ಬೇಸಿಗೆಯ ಮೊದಲಲ್ಲಿ ಬಂದ ಒಂದು ಸಣ್ಣದು, ಕೊನೆಯ ದರ್ಜೆಯಲ್ಲಿ. ಡ್ರಮ್ಮುಗಳು ಮೂರು ಹೆಜ್ಜೆಯ ಉರುಳನ್ನು ಎರಡು ಸಲ ಬಾರಿಸುತ್ತವೆ. ಎರಡನೆಯದಕ್ಕೆ ಎಲ್ಲರೂ ಒಟ್ಟಿಗೆ ಚೀಲಕ್ಕೆ ಏಟು ಕೊಟ್ಟು ಡ್ರೋನ್ ಎಬ್ಬಿಸಬೇಕು, ಆಮೇಲೆ ಎಲ್ಲರಿಂದ ಒಂದೇ ಇ. ಅದು ಸರಿಯಾಗೇ ಆಯಿತು. ನುಡಿಸುತ್ತಾ ಸುತ್ತು ಕಟ್ಟಿ ನಿಂತೆವು. ಹೊರಗೆ ತೀರ್ಪುಗಾರರು ನೋಟ್ ಪ್ಯಾಡ್ ಹಿಡಿದು ಓಡಾಡುತ್ತಿದ್ದರು. ಕೊನೆಯ ಸ್ವರಕ್ಕೆ ಎಲ್ಲರ ಕೈ ಒಟ್ಟಿಗೆ ಸಡಿಲವಾಗಬೇಕು. ಎಲ್ಲರದೂ ಆಯಿತು. ನನ್ನ ಬಾಸ್ ಡ್ರೋನ್ ಮಾತ್ರ ಎರಡು ಸೆಕೆಂಡು ಎಮ್ಮೆ ಕೂಗಿದ ಹಾಗೆ ಕೂಗಿತು. ನನ್ನ ಹಿಂದೆಯೇ ಒಬ್ಬ ತೀರ್ಪುಗಾರರು ನಿಂತಿದ್ದರು. ಪೆನ್ನು ಗೀಚುವ ಸದ್ದು ಕೇಳಿಸಿತು.

ಸರ್ ಬೈಯಲಿಲ್ಲ. ಬಸ್ ಹತ್ತುವಾಗ ನೂಲಿನ ಉಂಡೆ ಕೊಟ್ಟು, ಕೀಲು ಮತ್ತೆ ಸುತ್ತು, ಮಂಗಳವಾರ ಬರೀ ನಿಲ್ಲಿಸೋದನ್ನು ಕಲಿಯೋಣ ಅಂದರು. ಆ ಮಂಗಳವಾರ ಎರಡು ಗಂಟೆ ಅದನ್ನೇ ಮಾಡಿದೆವು. ಶುರು ಮಾಡು, ನಿಲ್ಲಿಸು. ನನ್ನೊಬ್ಬನ ಸಲುವಾಗಿ ಹದಿನಾಲ್ಕು ಜನ ನಿಂತಿದ್ದರು.

ರಜೆಗೆ ಊರಿಗೆ ಬರುವಾಗ ಪೈಪ್ ತರಲಿಲ್ಲ, ಚಾಂಟರ್ ಮಾತ್ರ ತಂದಿದ್ದೇನೆ. ಬೆಂಗಳೂರಿನ ಎಂ.ಇ.ಜಿ., ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೈನಿಕರ ಪೈಪ್ ಬ್ಯಾಂಡು ಅಭ್ಯಾಸ ಮಾಡುವುದನ್ನು ಕೇಳುವ ಆಸೆಯಿದೆ. ಈಗ ಚಾಂಟರ್ ಕೈಚೀಲದಿಂದ ತೆಗೆಯುತ್ತಿದ್ದೇನೆ. ಒಂದು ಧಾಟಿ ನುಡಿಸುವಷ್ಟು ಸಮಯ ಇಲ್ಲ ಅಂತ ಗಾಜಿನ ಆಚೆಯಿಂದ ಕೈ ಮಾಡುತ್ತಿದ್ದಾರೆ. ಹಾಗಾಗಿ ಡಿ ಇಂದ ಇ ಗೆ ಒಂದೇ ಒಂದು ಸಲ ಹೋಗುತ್ತೇನೆ. ನಡುವೆ ಕ್ಲಿಕ್ ಅಂತ ಕೇಳಿಸಿದರೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಗ್ಲಾಸ್ಗೋ ತನಕ ಸುದ್ದಿ ಹೋಗೋದು ಬೇಡ.