ಲೈಸೆನ್ಸ್ ಯಾರ ಹೆಸರಲ್ಲಿ, ರೆಂಚ್ ಯಾರ ಕೈಯಲ್ಲಿ

ನಮಸ್ಕಾರ. ಹೋದ ವರ್ಷ ಬೆಂಗಳೂರಲ್ಲಿರೋ ನಮ್ಮನೆ ಬಾತ್‌ರೂಮಲ್ಲಿ ನಾತ ಶುರುವಾಯ್ತು. ಫಿನಾಯಿಲ್ ಹಾಕಿ ತಿಕ್ಕಿ ತೊಳೆದ್ರೂ ಬೆಳಗಾದ್ರೆ ಮತ್ತೆ ಅದೇ. ಮೂರು ಜನ ಪ್ಲಂಬರ್ ಬಂದು ನೋಡಿದ್ರು. ಒಬ್ರು ಟೈಲ್ಸ್ ಒಡೀಬೇಕು ಅಂದ್ರು, ಇನ್ನೊಬ್ರು ಕಮೋಡೇ ಬದಲಾಯಿಸಿ ಅಂದ್ರು. ನಾಲ್ಕನೆಯವನು ಮಾಗಡಿ ಕಡೆ ಹುಡುಗ. ಯಾವುದನ್ನೂ ಒಡೀಲಿಲ್ಲ. ನಹಾನಿ ಟ್ರ್ಯಾಪ್, ಅಂದ್ರೆ ನೆಲದ ನೀರು ಹೋಗೋ ಬಾಯಿಯ ಕೆಳಗಿರೋ ಬಟ್ಟಲು, ಅದರ ಜಾಲರಿ ತೆಗೆದು, ಮೊಬೈಲ್ ಟಾರ್ಚ್ ಬಿಟ್ಟ. "ಅಕ್ಕ, ಮೇಲಿನ ಮನೇಲಿ ಒಂದ್ಸಲ ಫ್ಲಶ್ ಮಾಡ್ಸಿ" ಅಂದ. ಮೇಲೆ ಫ್ಲಶ್ ಆಯ್ತು. ನಮ್ಮ ಟ್ರ್ಯಾಪ್ ಗೊಳಗೊಳ ಅಂತು, ಅದರಲ್ಲಿದ್ದ ನೀರು ಕಣ್ಣೆದುರಿಗೇ ಇಳಿದುಹೋಯ್ತು.

ಟ್ರ್ಯಾಪಲ್ಲಿ ಸುಮಾರು ಎರಡು ಇಂಚು ನೀರು ಯಾವಾಗಲೂ ನಿಂತಿರಬೇಕು. ಚರಂಡಿ ಗಾಳಿಯನ್ನ ಮನೆಯೊಳಗೆ ಬಿಡದೆ ತಡೆಯೋದು ಆ ನೀರೇ. ಮೇಲಿಂದ ನೀರು ರಭಸವಾಗಿ ಇಳಿಯುವಾಗ ಪೈಪಿಗೆ ಹಿಂದೆ ಗಾಳಿ ಬೇಕು. ಅದಕ್ಕೇ ಆ ಪೈಪನ್ನ ತಾರಸಿಯ ಮೇಲಕ್ಕೆ ಒಯ್ದು ಬಾಯಿ ತೆರೆದು ಬಿಡೋದು. ನಮ್ಮನೇಲಿ ಕ್ಯಾಪ್ ಹಾಕಿ ಮುಚ್ಚಿದ್ರು! ಗಾಳಿ ಸಿಗದೆ ಪೈಪು ನಮ್ಮ ಟ್ರ್ಯಾಪಿನ ನೀರನ್ನೇ ಎಳ್ಕೊಳ್ತಿತ್ತು. ಹುಡುಗ ಮೇಲೆ ಹತ್ತಿ ಕ್ಯಾಪ್ ಕೊಯ್ದು, ಗಾಳಿಯಾಡೋಕೆ ಜಾಲಿ ಇರೋ ಟೋಪಿ (ಕೌಲ್) ಹಾಕಿ ಬಂದ. ಅರ್ಧ ಗಂಟೆ ಕೆಲಸ.

"ಎಲ್ಲಿ ಕಲಿತ್ಯೋ?" ಅಂದೆ. ಎಂಟು ವರ್ಷ ಸೋದರಮಾವನ ಜೊತೆ ಹೆಲ್ಪರ್ ಆಗಿದ್ನಂತೆ. ಲೈಸೆನ್ಸ್ ಕೇಳಿದ್ರೆ, "ನಮಗೆಲ್ಲಿ ಅಕ್ಕ" ಅಂದ.

ಆಮೇಲೆ ಮನೆ ಫೈಲ್ ತೆಗೆದು ನೋಡಿದೆ. ನೀರಿನ ಸಂಪರ್ಕದ ಅರ್ಜಿ ಮೇಲೆ ಲೈಸೆನ್ಸ್ ಇರೋ ಪ್ಲಂಬರ್ ಒಬ್ಬರ ಸಹಿ, ಸೀಲು, ಎಲ್ಲಾ ಇದೆ. ಆ ಮನುಷ್ಯನ ಮುಖ ನಾವ್ಯಾರೂ ನೋಡಿಲ್ಲ. ಆ ಕ್ಯಾಪ್ ಹಾಕಿದ ಕೈ ಯಾರದ್ದೋ, ಅದೂ ಗೊತ್ತಿಲ್ಲ.

ನನಗೆ ಹೊಟ್ಟೆ ಉರಿಯೋದು ಇಲ್ಲೇ. ಲೈಸೆನ್ಸ್ ಬೇಕು, ಖಂಡಿತ ಬೇಕು. ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರದಿಂದ ಸುಮಾರು ನೂರು ಕಿಲೋಮೀಟರ್ ದೂರ ಪಂಪ್ ಮಾಡಿ ಮೇಲಕ್ಕೆ ತರೋ ಕಾವೇರಿ ನೀರಿದು, ಯಾರ್ಯಾರೋ ಕೈ ಹಾಕಿ ಪೋಲಾಗಬಾರದು. ಆದ್ರೆ ಆ ಲೈಸೆನ್ಸ್ ಅರ್ಜಿಗೆ ಅಂಟಿಕೊಂಡಿದೆ, ಕೆಲಸಕ್ಕಲ್ಲ. ಸಂಪಿನಿಂದ ಒಳಗೆ ಬಂದ್ರೆ ಕೇಳೋರೇ ಇಲ್ಲ. ಆದ ತಪ್ಪು ಒಂದು ಮನೆಯಲ್ಲೇ ನಿಲ್ಲೋದೂ ಇಲ್ಲ. ಮಳೆನೀರು ಕೊಯ್ಲು ನಮ್ಮೂರಲ್ಲಿ 2009ರಿಂದ ಕಾನೂನು. ಆದ್ರೂ ಎಷ್ಟೋ ತಾರಸಿಗಳ ಮಳೆ ಪೈಪನ್ನ ತಂದು ಒಳಚರಂಡಿ ಚೇಂಬರಿಗೇ ಸೇರಿಸಿದಾರೆ. ಜೋರು ಮಳೆ ಬಂದ್ರೆ ಮ್ಯಾನ್‌ಹೋಲ್ ಉಕ್ಕಿ, ತಗ್ಗಿನ ಮನೆಯವರ ಬಾಗಿಲಿಗೆ ಬರೋದು ಅದೇ ನೀರು.

ಕಲೀಬೇಕು ಅಂದ್ರೆ ಐಟಿಐಯಲ್ಲಿ ಪ್ಲಂಬರ್ ಟ್ರೇಡ್ ಇದೆ, ಒಂದು ವರ್ಷದ್ದು. ಹೊಸಬರಿಗೆ ಒಳ್ಳೇದು. ಆದ್ರೆ ಎಂಟು ವರ್ಷದಿಂದ ದುಡೀತಿರೋನು ಸಂಪಾದನೆ ಬಿಟ್ಟು ವರ್ಷವಿಡೀ ಬೆಂಚಲ್ಲಿ ಕೂರೋಕಾಗುತ್ತಾ? ಕೈಗೆ ಬಂದಿರೋ ಕೆಲಸವನ್ನ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ಪದ್ಧತಿಯೂ ಸರ್ಕಾರದ ಕೌಶಲ ಯೋಜನೆಯಲ್ಲಿ ಇದೆ. ಜಲಮಂಡಳಿ ಲೈಸೆನ್ಸಿಗೆ ಇವರನ್ನೂ ಆ ದಾರೀಲೇ ತಗೊಳ್ಳಲಿ ಅನ್ನೋದು ನನ್ನ ವಾದ. ಜಯನಗರ 5ನೇ ಬ್ಲಾಕಲ್ಲಿ ಮಂಡಳಿಯದೇ ಮಳೆನೀರು ಕೊಯ್ಲು ಪಾರ್ಕ್ ಇದೆ. ಪರೀಕ್ಷೆ ಅಲ್ಲೇ ನಡೀಲಿ, ಕನ್ನಡದಲ್ಲಿ ನಡೀಲಿ. ಕಾಗದ ಪೆನ್ನು ಬೇಡ, ಪೈಪು ಕೊಡಿ. ಇಳಿಜಾರು ಕೊಟ್ಟು ಜೋಡಿಸಲಿ, ಪೈಪು ಅಂಟಿಸೋ ಸಾಲ್ವೆಂಟ್ ಹಚ್ಚಲಿ, ಪ್ರೆಷರ್ ಟೆಸ್ಟ್ ಮಾಡಿ ತೋರಿಸಲಿ. ಪಾಸಾದ್ರೆ ಫೋಟೋ ಇರೋ ಕಾರ್ಡು ಅವನ ಹೆಸರಿಗೇ ಬರಲಿ. ತಪ್ಪು ಮಾಡಿದ್ರೆ ಹೊಣೆಯೂ ಅವನದೇ.

ಇದನ್ನ ಆ ಹುಡುಗನಿಗೆ ಹೇಳಿದೆ. "ಕೂಲಿ ಹೋಗುತ್ತಲ್ಲ ಅಕ್ಕ, ಅದನ್ನ ಯಾರು ಕೊಡ್ತಾರೆ?" ಅಂದ. ನ್ಯಾಯವಾದ ಪ್ರಶ್ನೆ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಗೆ ಬಂದವರಿಗೆ ದಿನಕ್ಕೆ 500 ರೂಪಾಯಿ ಭತ್ಯೆ ಇದೆ, ಉಪಕರಣಕ್ಕೆ 15,000 ರೂಪಾಯಿವರೆಗೆ ಸಹಾಯ ಇದೆ. ಬಡಗಿ, ಕಮ್ಮಾರ, ಗಾರೆಯವರು, ದರ್ಜಿ, ಒಟ್ಟು 18 ಕಸುಬುಗಳು. ಪಟ್ಟಿಯಲ್ಲಿ ಪ್ಲಂಬರ್ ಇಲ್ಲ.