ವರ್ಷದ ಹತ್ತು ಆಲ್ಬಂ ಮತ್ತು ತನ್ನನ್ನೇ ನೋಡಿಕೊಳ್ಳುವ ಹಾಡು

ಹಿರಿಯರಿಗೆ, ಗೆಳೆಯರಿಗೆ, ಮಡಿಕೇರಿಯ ಈ ಚಳಿಯಲ್ಲೂ ಸಂಜೆ ಬಿಡುವು ಮಾಡಿಕೊಂಡು ಬಂದ ಕಾಲೇಜಿನ ಹುಡುಗ ಹುಡುಗಿಯರಿಗೆ ನಮಸ್ಕಾರ.

ಹುತ್ತರಿ ಮುಗಿದು, ಅರೇಬಿಕಾ ಕೊಯ್ಲು ನಡೆಯುತ್ತಿರುವ ಈ ದಿನಗಳಲ್ಲೇ ಹೊರನಾಡುಗಳ ಸಂಗೀತ ಪತ್ರಿಕೆಗಳು ವರ್ಷದ ಅತ್ಯುತ್ತಮ ಆಲ್ಬಂಗಳ ಪಟ್ಟಿ ಹೊರಡಿಸುತ್ತವೆ. ಕೆಲವರದು ಹತ್ತು, ಕೆಲವರದು ಐವತ್ತು, ಇನ್ನು ಕೆಲವರದು ನೂರು. ಪಟ್ಟಿ ಬಂದ ಗಳಿಗೆಯಿಂದ ಜಗಳ ಶುರು. ಇವರನ್ನು ಯಾಕೆ ಬಿಟ್ಟಿರಿ, ಅವರು ಮೊದಲ ಸ್ಥಾನಕ್ಕೆ ಹೇಗೆ ಬಂದರು ಅಂತ. ಇದೆಲ್ಲ ಕೆಲಸವಿಲ್ಲದವರ ಕಿತ್ತಾಟ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಾಡಿನ ವಿಷಯಕ್ಕೆ ಜನ ವರ್ಷಕ್ಕೊಮ್ಮೆಯಾದರೂ ಕಾರಣ ಕೊಟ್ಟು ಜಗಳವಾಡುತ್ತಾರೆ ಅಂದರೆ ಹಾಡು ಅವರ ಬದುಕಿನಲ್ಲಿ ಜಾಗ ಮಾಡಿಕೊಂಡಿದೆ ಎಂದರ್ಥ.

ಆದರೆ ಈ ಪಟ್ಟಿಗಳು ಒಂದು ಕಡೆಗೆ ವಾಲುತ್ತವೆ. ಅದನ್ನು ನಿಮ್ಮ ಮುಂದೆ ಬಿಡಿಸಿಡಬೇಕು ಅಂತಲೇ ಬಂದಿದ್ದೇನೆ. ವಿಮರ್ಶಕ ಬರೆದು ಬದುಕುವವನು. ಯಾವ ಹಾಡಿನ ಬಗ್ಗೆ ನಾಲ್ಕು ಪ್ಯಾರಾ ಸಲೀಸಾಗಿ ಬರೆಯಬಹುದೋ ಆ ಹಾಡು ಅವನ ನೆನಪಿನಲ್ಲಿ ಉಳಿಯುತ್ತದೆ, ಡಿಸೆಂಬರ್ ಬಂದಾಗ ಪಟ್ಟಿಯಲ್ಲಿ ಮೇಲೇರುತ್ತದೆ. ತಾನು ಪಾಪ್ ಹಾಡು ಎಂದು ಗೊತ್ತಿದ್ದು, ತನ್ನನ್ನೇ ನೋಡಿಕೊಂಡು ಹಾಡುವ ಪಾಪ್ ಇದೆಯಲ್ಲ, ಬರವಣಿಗೆಗೆ ಅದರಷ್ಟು ಒದಗಿಬರುವುದು ಬೇರೆ ಯಾವುದೂ ಇಲ್ಲ.

ಮೊದಲು ಪಟ್ಟಿ ಹೇಗೆ ಹುಟ್ಟುತ್ತದೆ ನೋಡೋಣ. ಈ ಸಂಪ್ರದಾಯದ ದೊಡ್ಡ ಮನೆಯಾಗಿದ್ದದ್ದು ನ್ಯೂಯಾರ್ಕ್‌ನ ವಿಲೇಜ್ ವಾಯ್ಸ್ ಪತ್ರಿಕೆ. ರಾಬರ್ಟ್ ಕ್ರಿಸ್ಟ್‌ಗೌ ಎಂಬ ವಿಮರ್ಶಕ 1971ರಲ್ಲಿ ಅಲ್ಲಿ ಪ್ಯಾಝ್ ಅಂಡ್ ಜಾಪ್ ಎಂಬ ಮತದಾನ ನಡೆಸಿದರು; 1974ರಿಂದ ಅದು ವರ್ಷವರ್ಷವೂ ನಡೆಯಿತು. ನಿಯಮ ಸರಳ. ಪ್ರತಿ ವಿಮರ್ಶಕರಿಗೆ 100 ಅಂಕ. ಅದನ್ನು ಹತ್ತು ಆಲ್ಬಂಗಳಿಗೆ ಹಂಚಬೇಕು. ಒಂದಕ್ಕೆ 30ಕ್ಕಿಂತ ಹೆಚ್ಚು ಕೊಡುವಂತಿಲ್ಲ, 5ಕ್ಕಿಂತ ಕಡಿಮೆ ಕೊಡುವಂತಿಲ್ಲ. ಬಂದ ಚೀಟಿಗಳನ್ನೆಲ್ಲ ಕೂಡಿದರೆ ವರ್ಷದ ತೀರ್ಪು.

ನನಗೆ ಈ ನಿಯಮದ ಮೇಲೆ ಗೌರವವಿದೆ. ಎಷ್ಟು ಇಷ್ಟ ಎಂದು ಹೇಳಲು ಅದು ಜಾಗ ಕೊಡುತ್ತದೆ. ಆದರೂ ಕೂಡುವ ಲೆಕ್ಕ ತನ್ನ ಬುದ್ಧಿ ತೋರಿಸಿಯೇ ತೋರಿಸುತ್ತದೆ. ಹತ್ತು ಜನ ಮತ ಹಾಕಿದರು ಅಂದುಕೊಳ್ಳಿ. ಒಂದು ಆಲ್ಬಂ ಮೂವರಿಗೆ ಜೀವಕ್ಕೆ ಜೀವ. ಮೂವರೂ 30 ಕೊಟ್ಟರು, 90 ಆಯಿತು. ಮಿಕ್ಕ ಏಳು ಜನರಿಗೆ ಅದು ತಲೆಗೇ ಹತ್ತಲಿಲ್ಲ. ಇನ್ನೊಂದು ಆಲ್ಬಂ ಹತ್ತೂ ಜನರಿಗೆ ಪರವಾಗಿಲ್ಲ ಅನ್ನಿಸಿತು. ಎಲ್ಲರೂ ಹತ್ತು ಹತ್ತು ಕೊಟ್ಟರು, 100 ಆಯಿತು. ಗೆದ್ದದ್ದು ಎರಡನೆಯದು. ಯಾರ ನಿದ್ದೆಯನ್ನೂ ಕೆಡಿಸದ ಆಲ್ಬಂ ವರ್ಷದ ಆಲ್ಬಂ ಆಗಿ ಕೂರುತ್ತದೆ. ಕಾಫಿ ಬೆಳೆಗಾರರಾದ ನಿಮಗೆ ಇದು ಹೊಸ ಮಾತಲ್ಲ. ಜರಡಿ ಹಿಡಿದರೆ ಬೀಜ ಎಎ, ಎ, ಬಿ ಎಂದು ಗಾತ್ರಕ್ಕೆ ತಕ್ಕಂತೆ ಬೇರೆಯಾಗುತ್ತದೆ. ರುಚಿ ತಿಳಿಯಬೇಕಾದರೆ ಹುರಿದು, ಪುಡಿ ಮಾಡಿ, ಬಿಸಿನೀರು ಹೊಯ್ದು, ಚಮಚದಲ್ಲಿ ಸೊರ್ರನೆ ಹೀರಿ ನೋಡಬೇಕು. ಮತ ಕೂಡಿಸಿದ ಪಟ್ಟಿ ಜರಡಿ ಹಿಡಿಯುವ ಕೆಲಸವನ್ನಷ್ಟೇ ಮಾಡಬಲ್ಲದು.

ಕ್ಯಾಲೆಂಡರಿನ ತೊಂದರೆ ಬೇರೆ. ಪಟ್ಟಿಗಳು ಈಗ ನವೆಂಬರ್ ಕೊನೆಗೇ ಬಂದುಬಿಡುತ್ತವೆ. ಮೈಕಲ್ ಜಾಕ್ಸನ್‌ರ ಥ್ರಿಲ್ಲರ್ ಬಿಡುಗಡೆಯಾದದ್ದು 1982ರ ನವೆಂಬರ್ ಕೊನೆಗೆ. ವಿಲೇಜ್ ವಾಯ್ಸ್ ಮತದಾನದಲ್ಲಿ ಅದು ಗೆದ್ದದ್ದು 1983ರ ಲೆಕ್ಕದಲ್ಲಿ. ಬಿಯಾನ್ಸೆ 2013ರ ಡಿಸೆಂಬರ್ 13ರಂದು ಯಾವ ಮುನ್ಸೂಚನೆಯೂ ಇಲ್ಲದೆ ಒಂದು ಇಡೀ ಆಲ್ಬಂ ಬಿಟ್ಟಾಗ ಬಹಳಷ್ಟು ಪತ್ರಿಕೆಗಳ ಪಟ್ಟಿ ಆಗಲೇ ಅಚ್ಚಾಗಿತ್ತು. ಮರುವರ್ಷ ಡಿಸೆಂಬರ್ 15ಕ್ಕೆ ಅಮೆರಿಕದ ಗಾಯಕ ಡಿ ಆಂಜೆಲೊ, ಹಿಂದಿನ ಆಲ್ಬಂ ಬಂದು ಹದಿನಾಲ್ಕು ವರ್ಷಗಳ ಮೇಲೆ, ಬ್ಲ್ಯಾಕ್ ಮೆಸ್ಸೈಯ ತಂದರು. ಅವಸರಪಟ್ಟವರ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ತಡವಾಗಿ ಮತ ತೆಗೆದುಕೊಳ್ಳುತ್ತಿದ್ದ ವಿಲೇಜ್ ವಾಯ್ಸ್‌ನಲ್ಲಿ ಅದೇ ಮೊದಲ ಸ್ಥಾನಕ್ಕೆ ಬಂತು. ಕಾದು ಕೇಳಿದವರಿಗೆ ಮಾತ್ರ ಸಿಕ್ಕ ಫಲ ಅದು.

ಇನ್ನು ಪಾಪ್ ಹಾಡಿಗೆ ಬರೋಣ. ಬಹಳ ಕಾಲ ವಿಮರ್ಶಕರ ಲೋಕ ರಾಕ್ ಸಂಗೀತದ ಅಳತೆಗೋಲಿನಲ್ಲೇ ಎಲ್ಲವನ್ನೂ ಅಳೆಯಿತು. ಹಾಡುವವನೇ ಬರೆದಿರಬೇಕು, ಕೈಯಲ್ಲಿ ಗಿಟಾರ್ ಇರಬೇಕು, ಸ್ಟುಡಿಯೋದ ಕೈಚಳಕ ಕಾಣಬಾರದು. ಕುಣಿಸುವ ಹಾಡು, ಹದಿಹರೆಯದ ಹುಡುಗಿಯರು ಮೆಚ್ಚುವ ಹಾಡು ಎಂದರೆ ಹಗುರ ಎಂಬ ಭಾವ. ವಿಮರ್ಶಕ ಕೆಲೆಫಾ ಸಾನೆ 2004ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಲೇಖನ ಈ ಧೋರಣೆಯನ್ನು ನೇರವಾಗಿ ಪ್ರಶ್ನಿಸಿತು. ಅದು ಬೇಕಾಗಿದ್ದ ಪ್ರಶ್ನೆ. ಅಲ್ಲಿಂದೀಚೆಗೆ ಪಾಪ್‌ಗೆ ಪಟ್ಟಿಗಳ ಬಾಗಿಲು ತೆರೆಯಿತು. ಆದರೆ ಮೊದಲು ಒಳಗೆ ಹೋದದ್ದು ಎಂಥ ಪಾಪ್? ತನ್ನ ಬಗ್ಗೆ ತಾನೇ ಟಿಪ್ಪಣಿ ಬರೆದುಕೊಂಡ ಪಾಪ್.

ಇಂಥ ಹಾಡಿಗೆ ವಯಸ್ಸಾಗಿದೆ. ದ ಹೂ ಎಂಬ ಬ್ರಿಟನ್ನಿನ ರಾಕ್ ತಂಡ 1967ರಲ್ಲೇ ಹಾಡುಗಳ ನಡುನಡುವೆ ಸುಳ್ಳು ಜಾಹೀರಾತು ಸೇರಿಸಿ, ಇಡೀ ಆಲ್ಬಂ ರೇಡಿಯೋ ಪ್ರಸಾರದಂತೆ ಕೇಳಿಸುವ ಹಾಗೆ ಮಾಡಿತ್ತು. ಬ್ರಿಟನ್ನಿನ ಬಿಲ್ ಡ್ರಮಂಡ್ ಮತ್ತು ಜಿಮ್ಮಿ ಕಾಟಿ 1988ರಲ್ಲಿ ಒಂದು ಹಾಡನ್ನು ಅಲ್ಲಿನ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿಸಿ, ಏರಿಸುವುದು ಹೇಗೆ ಎಂದು ಹೇಳಿಕೊಡುವ ಪುಸ್ತಕವನ್ನೇ ಬರೆದರು. 2013ರಲ್ಲಿ ನ್ಯೂಜಿಲೆಂಡಿನ ಹದಿನಾರರ ಹುಡುಗಿ ಲಾರ್ಡ್, ಪಾಪ್ ಹಾಡುಗಳೆಲ್ಲ ಚಿನ್ನ, ಕಾರು, ವಜ್ರ ಅಂತ ಹಾಡುತ್ತವಲ್ಲ, ನಮ್ಮಂಥವರಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವ ಹಾಡು ಹಾಡಿದಳು. ಅದು ಅಮೆರಿಕದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು.

2024ರ ಪಟ್ಟಿಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಜೂನ್ 7ಕ್ಕೆ ಬ್ರಿಟನ್ನಿನ ಗಾಯಕಿ ಚಾರ್ಲಿ ಎಕ್ಸ್‌ಸಿಎಕ್ಸ್ ಬ್ರ್ಯಾಟ್ ಆಲ್ಬಂ ತಂದರು. ಕಣ್ಣಿಗೆ ಹೊಡೆಯುವ ಗಿಳಿಹಸಿರು ಹೊದಿಕೆ, ಅದರ ಮೇಲೆ ಮಸುಕಾದ ಒಂದೇ ಪದ. ಆ ವರ್ಷ ಬ್ರಿಟನ್ನಿನ ಗಾರ್ಡಿಯನ್, ಅಲ್ಲಿನದೇ ಸಂಗೀತ ಪತ್ರಿಕೆ ಎನ್‌ಎಂಇ ಸೇರಿ ಹಲವು ಪತ್ರಿಕೆಗಳ ಪಟ್ಟಿಯಲ್ಲಿ ಅದೇ ಮೊದಲು. ಅದರಲ್ಲೊಂದು ಹಾಡಿದೆ. ತನ್ನದೇ ವೃತ್ತಿಯ ಇನ್ನೊಬ್ಬ ಗಾಯಕಿಯ ಬಗ್ಗೆ ಹೆಸರು ಹೇಳದೆ ಹಾಡುತ್ತಾಳೆ. ಜನ ನಮ್ಮಿಬ್ಬರನ್ನೂ ಒಂದೇ ಥರ ಅನ್ನುತ್ತಾರೆ, ನೀನು ನನ್ನನ್ನು ಇಷ್ಟಪಡುತ್ತೀಯೋ ಇಲ್ಲ ನಾನು ಬೀಳುವುದನ್ನು ಕಾಯುತ್ತೀಯೋ ಗೊತ್ತಾಗುವುದಿಲ್ಲ ಎಂಬ ಧಾಟಿ. ಕೇಳಿದವರು ಇದು ಲಾರ್ಡ್ ಬಗ್ಗೆಯೇ ಅಂದರು. ಎರಡು ವಾರ ಕಳೆದು ಜೂನ್ 21ಕ್ಕೆ ಅದೇ ಹಾಡಿನ ಹೊಸ ರೂಪ ಬಂತು, ಅದರಲ್ಲಿ ಲಾರ್ಡ್ ತಾವೇ ಬಂದು ಉತ್ತರ ಹಾಡಿದರು. ನಾನು ಭೇಟಿ ತಪ್ಪಿಸುತ್ತಿದ್ದದ್ದು ನಿನ್ನ ಮೇಲಿನ ಅಸಮಾಧಾನಕ್ಕಲ್ಲ, ನನ್ನ ದೇಹದ ಜೊತೆಗೇ ನನಗೆ ಯುದ್ಧ ನಡೆಯುತ್ತಿತ್ತು, ಫೋಟೋದಲ್ಲಿ ಕಾಣಿಸಿಕೊಳ್ಳುವ ಧೈರ್ಯ ಇರಲಿಲ್ಲ ಎಂಬ ತಾತ್ಪರ್ಯ. ತಾಳ ಮೊದಲಿನದೇ, ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಕಡಿದ ಹೊಡೆತ ಮೊದಲಿನದೇ. ಒಬ್ಬಳ ಗೊಣಗಾಟವಾಗಿದ್ದದ್ದು ಇಬ್ಬರ ಮಾತುಕತೆಯಾಯಿತು.

ಈ ಹಾಡು ನನಗೆ ನಿಜವಾಗಿಯೂ ದೊಡ್ಡದು. ಅಲ್ಲಿ ತನ್ನ ಬಗೆಗಿನ ಎಚ್ಚರ ಹಾಡುವವಳನ್ನು ಕಾಪಾಡುವುದಿಲ್ಲ, ಇನ್ನಷ್ಟು ಬಯಲಿಗೆ ತಂದು ನಿಲ್ಲಿಸುತ್ತದೆ. ಆದರೆ ಎಲ್ಲ ಸ್ವಪ್ರಜ್ಞೆಯೂ ಹೀಗಿರುವುದಿಲ್ಲ. ನನ್ನ ಹಾಡು ಪೊಳ್ಳು ಅಂತ ನನಗೂ ಗೊತ್ತು ಎಂದು ಕಣ್ಣು ಮಿಟುಕಿಸುವ ಹಾಡುಗಳು ಬೇಕಾದಷ್ಟಿವೆ. ಅವು ವಿಮರ್ಶೆ ಬರುವ ಮೊದಲೇ ಗುರಾಣಿ ಹಿಡಿದು ನಿಂತಿರುತ್ತವೆ. ನೀನು ಏನು ಬೈಯಬೇಕಿತ್ತೋ ಅದನ್ನು ನಾನೇ ಹೇಳಿಕೊಂಡೆನಲ್ಲ ಎಂಬ ಜಾಣತನ. ವಿಮರ್ಶಕನಿಗೆ ಅದು ಇಷ್ಟವಾಗುತ್ತದೆ, ಏಕೆಂದರೆ ಅವನ ಲೇಖನದ ಅರ್ಧ ಭಾಗವನ್ನು ಹಾಡೇ ಬರೆದುಕೊಟ್ಟಿದೆ. ಕೇಳುವವನಿಗೆ ಅಲ್ಲಿ ಏನು ಸಿಕ್ಕಿತು? ತನ್ನ ಪೊಳ್ಳುತನ ಒಪ್ಪಿಕೊಂಡ ಮಾತ್ರಕ್ಕೆ ಹಾಡು ತುಂಬಿಕೊಳ್ಳುವುದಿಲ್ಲ.

ಅದೇ 2024ರಲ್ಲಿ ಅಮೆರಿಕದ ಸಂಗೀತ ಜಾಲತಾಣ ಪಿಚ್‌ಫೋರ್ಕ್ ಮೊದಲ ಸ್ಥಾನ ಕೊಟ್ಟದ್ದು ಸಿಂಡಿ ಲೀ ಹೆಸರಿನಲ್ಲಿ ಬಂದ ಡೈಮಂಡ್ ಜೂಬಿಲಿಗೆ. ಎರಡು ಗಂಟೆ, 32 ಹಾಡು. ಬಂದಾಗ ಸ್ಪಾಟಿಫೈನಲ್ಲಿ ಇರಲಿಲ್ಲ. ಯೂಟ್ಯೂಬಿನಲ್ಲಿ ಒಂದೇ ಉದ್ದನೆಯ ವಿಡಿಯೋ, ಜೊತೆಗೆ ಹಳೇ ಕಾಲದ ಜಾಲತಾಣದಲ್ಲಿ ಡೌನ್‌ಲೋಡ್. ಬ್ರ್ಯಾಟ್‌ಗೆ ತದ್ವಿರುದ್ಧ ಅನ್ನಿಸುತ್ತದೆ. ಆದರೂ ಅದರ ಬಗ್ಗೆ ಬಂದ ಬರಹಗಳು ಹೆಚ್ಚಾಗಿ ಶುರುವಾಗುತ್ತಿದ್ದದ್ದು ಅದು ಎಲ್ಲಿ ಸಿಗುವುದಿಲ್ಲ ಎಂಬಲ್ಲಿಂದ. ಗಿಟಾರಿನ ಆ ಮಂಜು ಮುಸುಕಿದಂಥ ದನಿಯ ಸರದಿ ಆಮೇಲೆ. ಅಲ್ಲೂ ಬರೆಯುವವರ ಕೈಗೆ ಒಂದು ಕಥೆ ಸಿಕ್ಕಿತ್ತು. ಹಾಡುಗಳು ಚೆನ್ನಾಗಿವೆ, ಅನುಮಾನವಿಲ್ಲ. ಆದರೆ ಅಷ್ಟೇ ಚೆನ್ನಾಗಿದ್ದು ಹೇಳಿಕೊಳ್ಳುವ ಕಥೆ ಇಲ್ಲದ ಆಲ್ಬಂಗಳು ಆ ವರ್ಷ ಎಲ್ಲಿ ಹೋದವು ಎಂಬುದೇ ನನ್ನ ಪ್ರಶ್ನೆ.

ನಮ್ಮ ಮಣ್ಣಿನಲ್ಲೇ ನೋಡಿ. ತನ್ನನ್ನು ತಾನು ನೋಡಿಕೊಳ್ಳುವ ಹಾಡು ಪಶ್ಚಿಮದ ಸೊತ್ತೇನಲ್ಲ. ತಾಳಮಾನ ಅರಿಯೆ, ಗಣಗಳ ಲೆಕ್ಕ ಅರಿಯೆ, 'ಆನು ಒಲಿದಂತೆ ಹಾಡುವೆ' ಅಂದರು ಬಸವಣ್ಣ. ಹಾಡುವುದರ ಬಗ್ಗೆಯೇ ಇರುವ ವಚನ. ಲಯ ಗೊತ್ತಿಲ್ಲ ಎನ್ನುವ ಆ ಸಾಲುಗಳು ಎಷ್ಟು ಲಯಬದ್ಧವಾಗಿವೆ ಎಂದು ಗಟ್ಟಿಯಾಗಿ ಓದಿದವರಿಗೆ ಗೊತ್ತು. ಆ ಮಾತು ಕೂಡಲಸಂಗಮನಿಗೆ ಹೇಳಿದ್ದು. ಪಂಡಿತರ ಮೆಚ್ಚುಗೆಗೆ ಕಾಯ್ದದ್ದಾಗಿದ್ದರೆ ಅದೇ ಸಾಲು ಬೇರೆ ಥರ ಕೇಳಿಸುತ್ತಿತ್ತು. ನಾನು ಯಾವ ಪಾಪ್ ಹಾಡಿನ ಮುಂದೆ ಕೂತರೂ ಕೇಳಿಕೊಳ್ಳುವುದು ಇದನ್ನೇ: ಈ ಹಾಡು ತನ್ನ ಬಗ್ಗೆ ಯಾರಿಗೆ ಹೇಳಿಕೊಳ್ಳುತ್ತಿದೆ?

ಮತ್ತೆ, ಬರವಣಿಗೆಗೆ ಒಗ್ಗದ ಸಂಗೀತ. ಕೊಡವ ಮದುವೆಯಲ್ಲಿ ವಾಲಗ ಶುರುವಾಯಿತು ಅನ್ನಿ, ಮೊಣಕಾಲು ನೋವು ಅಂತ ಕೂತಿದ್ದ ಅಜ್ಜಂದಿರೂ ಎದ್ದು ಕೈ ಎತ್ತುತ್ತಾರೆ. ಅದರಲ್ಲಿ ಸಾಹಿತ್ಯವಿಲ್ಲ, ಹಾಡುವವರ ಆತ್ಮಕಥೆಯಿಲ್ಲ. ಬಾಳೋ ಬಾಳೋ ಎಂದು ನಾಲ್ವರು ದುಡಿ ಬಡಿದು ಹಾಡುವ ಪಾಟ್ ಇದೆ. ನಡಿಕೇರಿಯಂಡ ಚಿಣ್ಣಪ್ಪನವರು ಅವನ್ನೆಲ್ಲ ಕೂಡಿಸಿ 1924ರಲ್ಲಿ ಪಟ್ಟೋಲೆ ಪಳಮೆ ತಂದದ್ದರಿಂದ ಪದಗಳು ಅಚ್ಚಿನಲ್ಲಿ ಉಳಿದವು. ದುಡಿಯ ಪೆಟ್ಟು ಹಾಡಿನ ಸಾಲನ್ನು ಎಲ್ಲಿ ಹಿಡಿದು ಎಲ್ಲಿ ಬಿಡುತ್ತದೆ, ಒಂದು ಜೋಡಿ ಬಿಟ್ಟ ಉಸಿರನ್ನು ಇನ್ನೊಂದು ಜೋಡಿ ಹೇಗೆ ಎತ್ತಿಕೊಳ್ಳುತ್ತದೆ ಎಂದು ಕನ್ನಡದಲ್ಲಿ ಎಷ್ಟು ಜನ ಬರೆದಿದ್ದೇವೆ? ಪದದ ಅರ್ಥ ಬರೆಯುತ್ತೇವೆ, ಇತಿಹಾಸ ಬರೆಯುತ್ತೇವೆ. ಶಬ್ದದ ಬಗ್ಗೆ ಬರೆಯುವ ಅಭ್ಯಾಸ ನಮ್ಮಲ್ಲೂ ಬೆಳೆದಿಲ್ಲ. ಇದು ನನಗೆ ಸಂಕಟದ ವಿಷಯ.

ಕನ್ನಡಕ್ಕೆ ಆಲ್ಬಂ ಎಂಬ ರೂಪವೂ ಹೊಸದಲ್ಲ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ನಿತ್ಯೋತ್ಸವ ಕ್ಯಾಸೆಟ್ 1978ರಲ್ಲಿ ಬಂತು. ಆಮೇಲೆ ಭಾವಗೀತೆಯ ಕ್ಯಾಸೆಟ್ಟುಗಳು ಮನೆಮನೆಗೆ ಹೋದವು. ಒಂದು ಬದಿ ಮುಗಿಸಿ, ತಿರುಗಿಸಿ ಹಾಕಿ, ಇಡಿಯಾಗಿ ಕೇಳುತ್ತಿದ್ದೆವು. ಈಗ ವರ್ಷದ ಕೊನೆಗೆ ಕನ್ನಡದಲ್ಲಿ ಬರುವ ಪಟ್ಟಿ ಹೆಚ್ಚಾಗಿ ಸಿನಿಮಾ ಹಾಡಿನದು, ಅದೂ ಯೂಟ್ಯೂಬ್ ವೀಕ್ಷಣೆಯ ಲೆಕ್ಕದ್ದು. ಅಲ್ಲಿ ವಿಮರ್ಶಕನೂ ಇಲ್ಲ, ಜಗಳವೂ ಇಲ್ಲ. ಸಂಖ್ಯೆ ಇದ್ದಲ್ಲಿ ಕಾರಣ ಕೇಳುವವರಿಲ್ಲ. ಕನ್ನಡ, ಕೊಡವ ತಕ್ಕ್, ಅರೆಭಾಷೆ ಮೂರರಲ್ಲೂ ಹಾಡು ಕಟ್ಟುವ ಹುಡುಗರು ಈ ಜಿಲ್ಲೆಯಲ್ಲಿದ್ದಾರೆ. ಅವರ ಹಾಡಿಗೆ ಶಭಾಷ್ ಸಿಗುತ್ತದೆ, ಲೈಕ್ ಸಿಗುತ್ತದೆ. ಎರಡನೇ ಚರಣದಲ್ಲಿ ನಿನ್ನ ತಾಳವಾದ್ಯ ದನಿಯನ್ನು ನುಂಗಿಹಾಕಿದೆ, ಮೂರನೇ ಹಾಡಿನ ಪಲ್ಲವಿ ಮಾತ್ರ ಇಡೀ ದಿನ ಬಿಡಲಿಲ್ಲ ಎಂದು ಹೇಳುವ ಒಬ್ಬ ಕೇಳುಗ ಸಿಗುವುದಿಲ್ಲ.

ಆದ್ದರಿಂದ ನಾವೇ ಒಂದು ಪಟ್ಟಿ ಮಾಡೋಣ ಎಂಬುದು ನನ್ನ ಬೇಡಿಕೆ. ನೂರು ಅಂಕ, ಹತ್ತು ಆಯ್ಕೆ, ಐದರಿಂದ ಮೂವತ್ತರೊಳಗೆ ಎಂಬ ಹಳೇ ನಿಯಮವೇ ಇರಲಿ. ಆಲ್ಬಂ ಸಿಗದಿದ್ದರೆ ಬಿಡಿ ಹಾಡಾದರೂ ಆಗಬಹುದು. ಆದರೆ ಕೂಡುವುದು ಬೇಡ. ಪ್ರತಿಯೊಬ್ಬರ ಚೀಟಿಯೂ ಅವರ ಹೆಸರಿನೊಂದಿಗೆ ಹಾಗೇ ಅಚ್ಚಾಗಲಿ, ಮೂವರ ಜೀವಕ್ಕೆ ಜೀವವಾದ ಆಲ್ಬಂ ಎಲ್ಲರ ಕಣ್ಣಿಗೂ ಬೀಳಲಿ. ಪ್ರತಿ ಆಯ್ಕೆಗೆ ಎರಡು ವಾಕ್ಯ ಬರೆಯಬೇಕು. ಒಂದರಲ್ಲಿ ಏನು ಬೇಕಾದರೂ ಹೇಳಿ. ಇನ್ನೊಂದರಲ್ಲಿ ಹಾಡಿನ ಪದವಾಗಲಿ, ಹಾಡಿದವರ ಬದುಕಾಗಲಿ ಬರಬಾರದು. ಕಿವಿಗೆ ಕೇಳಿಸಿದ್ದನ್ನಷ್ಟೇ ಬರೆಯಬೇಕು. ಕಷ್ಟ ಅನ್ನಿಸುತ್ತದೆ, ಮೂರು ಸಲ ಹಾಡು ಕೇಳದೆ ಆ ವಾಕ್ಯ ಬರುವುದಿಲ್ಲ. ಅದಕ್ಕೇ ಆ ನಿಯಮ. ಮೊದಲು ಬಂದಿರುವ ಪಟ್ಟಿಗಳನ್ನು ನೋಡಿ ಬರೆಯಬೇಡಿ ಎಂದು ಕಾಲೇಜಿನವರಿಗೆ ವಿಶೇಷವಾಗಿ ಕೇಳಿಕೊಳ್ಳುತ್ತೇನೆ.

ಚೀಟಿಗಳನ್ನು ಸಂಕ್ರಾಂತಿ ಕಳೆದ ಮೇಲೆ ತೆಗೆದುಕೊಳ್ಳೋಣ. ಡಿಸೆಂಬರ್ 31ರ ರಾತ್ರಿ ಬಂದ ಹಾಡಿಗೂ ಕೇಳಿಸಿಕೊಳ್ಳಲು ಎರಡು ವಾರ ಸಿಗಲಿ.